ಹೆಲಿಕಾಪ್ಟರ್‌ಗೆ ಹಾರಲು ಒಪ್ಪಿಗೆ ಸಿಗುವುದು ಹೇಗೆ? ಒಂದು ತಾರೀಖು, ಒಂದು ತೂಕ, ಹನ್ನೊಂದು ನಿಮಿಷ

2010ರಲ್ಲಿ ಕಾರ್ಖಾನೆಯಿಂದ ಹೊಚ್ಚಹೊಸದಾಗಿ ಹೊರಬಂದ ಎರಡು ಹೆಲಿಕಾಪ್ಟರ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಎರಡರದ್ದೂ ಹೊಸ ಬಣ್ಣ, ಹೊಸ ಎಂಜಿನ್. ಎರಡರ ಕಾಗದಪತ್ರವೂ ಸರಿಯಾಗಿದೆ. ಆದರೆ ಒಂದರ ಇಂಧನ ಟ್ಯಾಂಕನ್ನು ಹದಿನೈದು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಿಸಿ, ಸೋರುವುದಿಲ್ಲ ಎಂದು ತೋರಿಸಿದ ಮೇಲೆ ಒಪ್ಪಿಗೆ ಕೊಟ್ಟಿದ್ದಾರೆ. ಇನ್ನೊಂದರ ಟ್ಯಾಂಕ್ ಅಂಥ ಪರೀಕ್ಷೆಯನ್ನೇ ಕಾಣದ ಹಳೆಯ ವಿನ್ಯಾಸ. ನೆಲಕ್ಕೆ ಅಪ್ಪಳಿಸಿದಾಗ ಬದುಕುಳಿಯಬಹುದಾಗಿದ್ದ ಪ್ರಯಾಣಿಕರು ಆಮೇಲೆ ಹೊತ್ತಿಕೊಳ್ಳುವ ಬೆಂಕಿಗೆ ಬಲಿಯಾಗುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ವ್ಯತ್ಯಾಸ ಇದು. ಹಾಗಿದ್ದೂ ಎರಡೂ ಪೂರ್ತಿ ಕಾನೂನುಬದ್ಧ.

ಇದು ಹೇಗೆ ಸಾಧ್ಯ ಎಂದು ಅರ್ಥಮಾಡಿಕೊಂಡರೆ ನಾಗರಿಕ ಹೆಲಿಕಾಪ್ಟರ್‌ಗಳ ಒಪ್ಪಿಗೆಯ ವ್ಯವಸ್ಥೆ ಮುಕ್ಕಾಲುಪಾಲು ಅರ್ಥವಾದಂತೆ. ಹೆಲಿಕಾಪ್ಟರ್ ಅಂದ ಕೂಡಲೇ ನಾವು ಕೇಳುವುದು ಕಂಪನಿಯ ಹೆಸರು, ವೇಗ, ಎಷ್ಟು ಸೀಟು ಎಂಬುದನ್ನು. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಯಾವ ಕಾಲದ ನಿಯಮದಡಿ ಒಪ್ಪಿದ್ದಾರೆ, ಯಾವ ಕೆಲಸಕ್ಕೆ ಒಪ್ಪಿದ್ದಾರೆ?

ವಿಮಾನಕ್ಕಿಲ್ಲದ ಕಷ್ಟ

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಎಂಜಿನ್ ಕೈಕೊಟ್ಟ ತಕ್ಷಣ ಪೈಲಟ್ ಎಡಗೈಯಲ್ಲಿರುವ ಕಲೆಕ್ಟಿವ್ ಲಿವರನ್ನು ಕೆಳಗೆ ಇಳಿಸುತ್ತಾರೆ. ಬ್ಲೇಡ್‌ಗಳ ಓರೆ ಕಡಿಮೆಯಾಗುತ್ತದೆ. ಇಳಿಯುತ್ತಿರುವ ಯಂತ್ರದ ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ಆಗ ರೋಟರನ್ನು ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರ ಬಂದಾಗ ಲಿವರನ್ನು ಮತ್ತೆ ಮೇಲೆತ್ತಿದರೆ, ತಿರುಗುವ ರೋಟರಿನಲ್ಲಿ ಕೂಡಿಟ್ಟಿದ್ದ ಶಕ್ತಿಯೆಲ್ಲ ಕೊನೆಯ ಕೆಲವು ಸೆಕೆಂಡು ಎತ್ತುವ ಬಲವಾಗಿ ಬದಲಾಗಿ, ಹೆಲಿಕಾಪ್ಟರ್ ಮೆತ್ತಗೆ ಕೂರುತ್ತದೆ. ಇದೇ ಆಟೊರೊಟೇಷನ್. ಒಪ್ಪಿಗೆ ಕೇಳುವ ಕಂಪನಿಯ ಟೆಸ್ಟ್ ಪೈಲಟ್‌ಗಳು ಇದನ್ನು ಬೇರೆಬೇರೆ ತೂಕ, ಎತ್ತರ, ವೇಗಗಳಲ್ಲಿ ಮಾಡಿ ತೋರಿಸಬೇಕು.

ಆ ಹಾರಾಟಗಳಿಂದ ಹುಟ್ಟುವ ಒಂದು ನಕ್ಷೆ ಪ್ರತಿ ಹೆಲಿಕಾಪ್ಟರಿನ ಫ್ಲೈಟ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಡ್ಡಗೆರೆಯಲ್ಲಿ ವೇಗ, ಉದ್ದಗೆರೆಯಲ್ಲಿ ಎತ್ತರ. ಎಡಬದಿಯಲ್ಲಿ ಮೂಗಿನಂತೆ ಮುಂದೆ ಚಾಚಿದ ಒಂದು ಪ್ರದೇಶಕ್ಕೆ ಗೆರೆ ಹೊಡೆದಿರುತ್ತಾರೆ. ಅಲ್ಲಿ ಎತ್ತರವೂ ಸಾಲದು, ವೇಗವೂ ಸಾಲದು. ಎಂಜಿನ್ ನಿಂತರೆ ರೋಟರಿಗೆ ಗಾಳಿ ಹಿಡಿದುಕೊಳ್ಳಲು ಸಮಯವೇ ಸಿಗುವುದಿಲ್ಲ. ಪೈಲಟ್‌ಗಳ ಬಾಯಲ್ಲಿ ಇದರ ಹೆಸರು ‘ಡೆಡ್ ಮ್ಯಾನ್ಸ್ ಕರ್ವ್’. ಹೆಲಿಕಾಪ್ಟರ್ ನೆಲದಿಂದ ಎದ್ದಮೇಲೆ ನೆಟ್ಟಗೆ ಮೇಲೇರದೆ, ಮೂಗು ತಗ್ಗಿಸಿ ನೆಲಕ್ಕೆ ಹತ್ತಿರವೇ ಮುಂದೋಡಿ ವೇಗ ಹಿಡಿದ ಮೇಲೆ ಏರುವುದನ್ನು ನೀವು ನೋಡಿರಬಹುದು. ಆ ನಕ್ಷೆಯ ಮೂಗನ್ನು ತಪ್ಪಿಸಿಕೊಂಡು ಹೋಗುವ ದಾರಿ ಅದು.

ನಿಜವಾದ ಕಷ್ಟ ಎಂಜಿನ್ನಿನ ಆಚೆ ಇದೆ. ಎಂಜಿನ್ ಎರಡಿರಬಹುದು, ಮೂರಿರಬಹುದು; ಅವುಗಳ ಬಲವನ್ನು ರೋಟರಿಗೆ ಮುಟ್ಟಿಸುವ ಮುಖ್ಯ ಗೇರ್‌ಬಾಕ್ಸ್ ಮಾತ್ರ ಒಂದೇ. ರೋಟರನ್ನು ಹೊತ್ತ ಮಾಸ್ಟ್ ಒಂದೇ. ಮುರಿದರೆ ಬದಲಿಗೆ ಇನ್ನೊಂದಿಲ್ಲ. ಸಾಲದ್ದಕ್ಕೆ ಇವೆಲ್ಲ ಪ್ರತಿ ಕ್ಷಣ ದಣಿಯುತ್ತಿರುತ್ತವೆ. ಮುಂದಕ್ಕೆ ಹಾರುವಾಗ ಒಂದು ಬದಿಯ ಬ್ಲೇಡ್ ಗಾಳಿಗೆ ಎದುರಾಗಿ ಹೋಗುತ್ತದೆ, ಇನ್ನೊಂದು ಬದಿಯದು ಗಾಳಿಯ ಜೊತೆ ಹಿಂದೆ ಸರಿಯುತ್ತದೆ. ಹಾಗಾಗಿ ಒಂದೊಂದು ಸುತ್ತಿನಲ್ಲೂ ಬ್ಲೇಡಿನ ಮೇಲಿನ ಹೊರೆ ಏರಿಳಿಯುತ್ತದೆ. ರಾಬಿನ್ಸನ್ ಆರ್22ರಂಥ ಪುಟ್ಟ ಹೆಲಿಕಾಪ್ಟರಿನ ರೋಟರ್ ನಿಮಿಷಕ್ಕೆ 500ಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಅಂದರೆ ಒಂದು ಗಂಟೆಯಲ್ಲಿ ಮೂವತ್ತು ಸಾವಿರ ಸಲ ಬಗ್ಗಿ ನೆಟ್ಟಗಾಗುವ ಕೆಲಸ. ತಂತಿಯೊಂದನ್ನು ಹಿಂದೆಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲ, ಅದೇ ಭಯ ಇಲ್ಲಿಯೂ ಇದೆ. ಹೆಲಿಕಾಪ್ಟರ್ ನಿಯಮಗಳಲ್ಲಿ ಲೋಹದ ದಣಿವು ಇಷ್ಟು ದೊಡ್ಡ ಜಾಗ ಹಿಡಿದಿರುವುದು ಈ ಕಾರಣಕ್ಕೆ.

ಮಾದರಿಗೆ ಒಂದು ಪತ್ರ, ಯಂತ್ರಕ್ಕೆ ಇನ್ನೊಂದು

ಜಗತ್ತಿನಲ್ಲಿ ಮೊದಲು ನಾಗರಿಕ ಒಪ್ಪಿಗೆ ಪಡೆದ ಹೆಲಿಕಾಪ್ಟರ್ ಬೆಲ್ 47. 1946ರ ಮಾರ್ಚ್ 8ರಂದು ಅಮೆರಿಕದ ಅಂದಿನ ವಿಮಾನಯಾನ ಆಡಳಿತ ಅದಕ್ಕೆ ಟೈಪ್ ಸರ್ಟಿಫಿಕೇಟ್ ಕೊಟ್ಟಿತು. ಸಂಖ್ಯೆ ಎಚ್-1. ಎರಡೇ ಬ್ಲೇಡ್, ಆರ್ಥರ್ ಯಂಗ್ ಅವರು ಹೊಂದಿಸಿದ ತೂಕದ ಸ್ಥಿರತಾ ದಂಡ, ಆಮೇಲೆ ಅದರ ಗುರುತೇ ಆಗಿಬಿಟ್ಟ ಗುಳ್ಳೆಯಂಥ ಪಾರದರ್ಶಕ ಕ್ಯಾಬಿನ್. ಅಂದು ನಡೆದ ಕೆಲಸದ ಸ್ವರೂಪ ಇಂದಿಗೂ ಬದಲಾಗಿಲ್ಲ. ಒಂದು ವಿನ್ಯಾಸವನ್ನು ಪರೀಕ್ಷಿಸಿ, ‘ಈ ನಕಾಶೆಯ ಪ್ರಕಾರ, ಈ ತೂಕದೊಳಗೆ, ಈ ಮಿತಿಗಳೊಳಗೆ ಇದು ನಿಯಮಕ್ಕೆ ಸರಿಹೊಂದುತ್ತದೆ’ ಎಂದು ಸರ್ಕಾರ ಬರೆದುಕೊಡುವುದೇ ಟೈಪ್ ಸರ್ಟಿಫಿಕೇಟ್. ಅದರ ಜೊತೆಗಿರುವ ಡೇಟಾ ಶೀಟಿನಲ್ಲಿ ಯಾವ ಎಂಜಿನ್, ಗರಿಷ್ಠ ತೂಕ ಎಷ್ಟು, ಮೀರಬಾರದ ವೇಗ ಎಷ್ಟು, ತೂಕದ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಸರಿಯಬಹುದು, ಯಾವ ತಾರೀಖಿನ ಯಾವ ನಿಯಮಗಳಡಿ ಒಪ್ಪಲಾಗಿದೆ ಎಂಬುದೆಲ್ಲ ಇರುತ್ತದೆ. ವಿಮಾನಯಾನವನ್ನು ನಿಯಂತ್ರಿಸುವ ಸಂಸ್ಥೆಗಳಾದ ಅಮೆರಿಕದ ಎಫ್‌ಎಎ ಮತ್ತು ಯುರೋಪಿನ ಇಎಎಸ್‌ಎ ಈ ಶೀಟುಗಳನ್ನು ಸಾರ್ವಜನಿಕವಾಗಿಯೇ ಇಟ್ಟಿವೆ. ಯಾರು ಬೇಕಾದರೂ ಓದಬಹುದು.

ಇದು ಮಾದರಿಗೆ ಸಿಗುವ ಒಪ್ಪಿಗೆ. ಕಂಪನಿ ಅದೇ ನಕಾಶೆಯಂತೆ ಒಂದೊಂದು ಯಂತ್ರವನ್ನೂ ಕಟ್ಟಬಲ್ಲದು ಎಂಬುದಕ್ಕೆ ಉತ್ಪಾದನೆಯ ಒಪ್ಪಿಗೆ ಬೇರೆ ಬೇಕು. ಹ್ಯಾಂಗರಿನಲ್ಲಿ ನಿಂತಿರುವ, ನೋಂದಣಿ ಸಂಖ್ಯೆ ಬರೆದಿರುವ ಆ ನಿರ್ದಿಷ್ಟ ಹೆಲಿಕಾಪ್ಟರಿಗೆ ಹಾರಾಟಯೋಗ್ಯತಾ ಪ್ರಮಾಣಪತ್ರ ಇನ್ನೂ ಬೇರೆ. 1944ರ ಷಿಕಾಗೊ ಒಪ್ಪಂದದ ಪ್ರಕಾರ ದೇಶದಿಂದ ದೇಶಕ್ಕೆ ಹಾರುವ ಪ್ರತಿ ವಿಮಾನದಲ್ಲೂ ನೋಂದಣಿ ದೇಶ ಕೊಟ್ಟ ಈ ಪತ್ರ ಇರಲೇಬೇಕು. ಕನಿಷ್ಠ ಮಟ್ಟ ಕಾಯ್ದುಕೊಂಡಿದ್ದರೆ ಉಳಿದ ದೇಶಗಳು ಅದನ್ನು ಮಾನ್ಯ ಮಾಡಬೇಕು. ಆ ಕನಿಷ್ಠ ಮಟ್ಟವನ್ನು ಹೇಳುವುದು ಒಪ್ಪಂದದ 8ನೇ ಅನುಬಂಧ. ಮಾದರಿ ಎಷ್ಟೇ ಒಳ್ಳೆಯದಿರಲಿ, ಸರ್ವಿಸ್ ತಪ್ಪಿಸಿದ ಯಂತ್ರದ ಹಾರಾಟಯೋಗ್ಯತೆ ಅಲ್ಲಿಗೇ ಮುಗಿಯಿತು. ಮಾಧ್ಯಮಗಳಲ್ಲಿ ಈ ಎರಡು ಪತ್ರಗಳನ್ನು ಒಂದೇ ಎಂಬಂತೆ ಬರೆಯುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ತಪ್ಪು ವಿನ್ಯಾಸದ್ದೋ ನಿರ್ವಹಣೆಯದ್ದೋ ಎಂಬ ಪ್ರಶ್ನೆಯೇ ಅಲ್ಲಿ ಮುಚ್ಚಿಹೋಗುತ್ತದೆ.

ಯಂತ್ರ ಏನು ಮಾಡಬಲ್ಲದು ಎಂಬುದೂ, ಪತ್ರ ಏನು ಮಾಡಲು ಬಿಡುತ್ತದೆ ಎಂಬುದೂ ಬೇರೆಬೇರೆ. 2005ರ ಮೇ 14ರಂದು ಯೂರೋಕಾಪ್ಟರ್ ಕಂಪನಿಯ ಟೆಸ್ಟ್ ಪೈಲಟ್ ದಿದಿಯೇ ದೆಲ್ಸಾಲ್, ಒಂದೇ ಎಂಜಿನ್ನಿನ ಎಎಸ್350 ಬಿ3 ಹೆಲಿಕಾಪ್ಟರನ್ನು ಎವರೆಸ್ಟ್ ಶಿಖರದ ಮೇಲೆ ಇಳಿಸಿದರು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಅಲ್ಲಿ ನಿಂತು ವಾಪಸಾದರು. ಎತ್ತರ 8,848 ಮೀಟರ್. ಅದೇ ಮಾದರಿಯನ್ನು ದಿನನಿತ್ಯದ ಹಾರಾಟಕ್ಕೆ ಒಪ್ಪಿರುವ ಎತ್ತರ ಸುಮಾರು 7,000 ಮೀಟರ್. ಪರೀಕ್ಷಾ ಪೈಲಟ್ ಮುಟ್ಟಿ ಬಂದ ತುದಿಗೂ ಸಾಮಾನ್ಯ ಪೈಲಟ್ ಯಾವುದೋ ಒಂದು ಸುಸ್ತಾದ ಮಧ್ಯಾಹ್ನ ನಂಬಿಕೊಳ್ಳಬಹುದಾದ ಗೆರೆಗೂ ನಡುವೆ ಅಂತರ ಉಳಿಸುವುದೇ ಪ್ರಮಾಣೀಕರಣದ ಕೆಲಸ. ವೇಗದ ವಿಷಯದಲ್ಲಿ ಈ ಅಂತರವನ್ನು ನಿಯಮವೇ ಅಂಕಿಯಲ್ಲಿ ಹೇಳಿಬಿಟ್ಟಿದೆ: ‘ಎಂದೂ ಮೀರಬಾರದ ವೇಗ’ ಪರೀಕ್ಷೆಯಲ್ಲಿ ತೋರಿಸಿದ ವೇಗದ 90 ಶೇಕಡಾವನ್ನು ದಾಟುವಂತಿಲ್ಲ.

3,175 ಕಿಲೋ ಎಂಬ ಗಡಿ

ಅಮೆರಿಕದಲ್ಲಿ ಹೆಲಿಕಾಪ್ಟರ್ ನಿಯಮಗಳು ಎರಡು ಕಂತೆಗಳಾಗಿವೆ. ಪಾರ್ಟ್ 27 ಸಣ್ಣವಕ್ಕೆ, ಪಾರ್ಟ್ 29 ದೊಡ್ಡವಕ್ಕೆ. ಯುರೋಪಿನಲ್ಲಿ ಇವಕ್ಕೇ ಸಿಎಸ್-27, ಸಿಎಸ್-29 ಎನ್ನುತ್ತಾರೆ. ಗರಿಷ್ಠ ತೂಕ 7,000 ಪೌಂಡ್, ಅಂದರೆ 3,175 ಕಿಲೋ ಒಳಗೆ, ಪ್ರಯಾಣಿಕರ ಸೀಟು ಒಂಬತ್ತರೊಳಗೆ ಇದ್ದರೆ ಪಾರ್ಟ್ 27 ಸಾಕು. ಅದನ್ನು ಮೀರಿದರೆ 29ರ ಬಾಗಿಲು. 1999ರವರೆಗೆ ಈ ಗಡಿ 6,000 ಪೌಂಡ್ ಇತ್ತು.

ಒಂದು ಅಂಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನಿಸಬಹುದು. ಆದರೆ ಗಡಿಯ ಈಚೆಗೂ ಆಚೆಗೂ ವ್ಯತ್ಯಾಸ ದೊಡ್ಡದು. ರೋಟರ್, ಗೇರ್‌ಬಾಕ್ಸ್‌ಗಳನ್ನು ನೆಲಕ್ಕೆ ಕಟ್ಟಿಹಾಕಿ ಓಡಿಸುವ ಸಹಿಷ್ಣುತಾ ಪರೀಕ್ಷೆ ಪಾರ್ಟ್ 27ರಲ್ಲಿ ಕನಿಷ್ಠ 100 ಗಂಟೆ, 29ರಲ್ಲಿ 200 ಗಂಟೆಗೂ ಹೆಚ್ಚು. ಒಂದು ಕಿಲೋ ತೂಕದ ಹಕ್ಕಿ ಬಡಿದರೆ ಸುರಕ್ಷಿತವಾಗಿ ಇಳಿಯಬಲ್ಲದೆ ಎಂಬ ಪ್ರಶ್ನೆ 29ರಲ್ಲಿದೆ. ಪ್ರಾಣಕ್ಕೆ ಎರವಾಗುವ ಉಪಕರಣ ವೈಫಲ್ಯಗಳು ನೂರು ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ವಿರಳ ಎಂದು ಲೆಕ್ಕ ಹಾಕಿ ತೋರಿಸಬೇಕು. ಇದಕ್ಕೆಲ್ಲ ವರ್ಷಗಳೂ ಹಣವೂ ಬೇಕು. ಆದ್ದರಿಂದ ಕಂಪನಿಗಳು ಗಡಿಗೆ ತಾಗಿಕೊಂಡೇ ವಿನ್ಯಾಸ ಮಾಡುತ್ತವೆ. ಇಟಲಿಯ ಎಡಬ್ಲ್ಯು109 ಗ್ರ್ಯಾಂಡ್‌ನ ಗರಿಷ್ಠ ತೂಕ ನೋಡಿ: ಸರಿಯಾಗಿ 3,175 ಕಿಲೋ.

ಬೆಲ್ 429ರ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಎರಡು ಎಂಜಿನ್ನಿನ ಈ ಹೆಲಿಕಾಪ್ಟರ್ 2009ರಲ್ಲಿ 7,000 ಪೌಂಡ್‌ಗೆ ಒಪ್ಪಿಗೆ ಪಡೆಯಿತು. ಉಪಕರಣಗಳನ್ನೆಲ್ಲ ಹೇರಿದ ಮೇಲೆ ಜನರಿಗೂ ಇಂಧನಕ್ಕೂ ಉಳಿಯುವ ತೂಕ ಸಾಲುವುದಿಲ್ಲ, 7,500 ಪೌಂಡ್‌ಗೆ ವಿನಾಯಿತಿ ಕೊಡಿ ಎಂದು ಕಂಪನಿ ಕೇಳಿತು. ಕೆನಡಾ ಒಪ್ಪಿತು. ಎಫ್‌ಎಎ ಆಗ ಒಪ್ಪಲಿಲ್ಲ. ಹೆಚ್ಚು ತೂಕ ಬೇಕಿದ್ದರೆ ಹೆಚ್ಚು ಬಿಗಿಯಾದ ನಿಯಮಕ್ಕೆ ಬನ್ನಿ ಎಂಬುದು ಅದರ ನಿಲುವು. ಅದೇ ಯಂತ್ರ, ಅದೇ ಬ್ಲೇಡು. ಒಂದು ದೇಶದ ನೋಂದಣಿಯಲ್ಲಿದ್ದರೆ 227 ಕಿಲೋ ಹೆಚ್ಚು ಹೊರಬಹುದಿತ್ತು, ಪಕ್ಕದ ದೇಶದ ನೋಂದಣಿಯಲ್ಲಿದ್ದರೆ ಹೊರುವಂತಿರಲಿಲ್ಲ. ಎಫ್‌ಎಎ ನಿಲುವೇ ಸರಿಯೆಂದು ನನಗನಿಸುತ್ತದೆ. ಒಮ್ಮೆ ಸಡಿಲಿಸಿದ ಗೆರೆಯನ್ನು ಮುಂದಿನ ಅರ್ಜಿದಾರನಿಗೆ ತೋರಿಸಿ ನಿಲ್ಲಿಸುವುದು ಕಷ್ಟ.

ಆಕಾಶದಲ್ಲಿ ಕಾಣುವ ಹೆಸರುಗಳು

ತರಬೇತಿ ಶಾಲೆಗಳಲ್ಲಿ ಹೆಚ್ಚು ಕಾಣುವುದು ರಾಬಿನ್ಸನ್ ಆರ್22. ಎರಡು ಸೀಟು, ಪಿಸ್ಟನ್ ಎಂಜಿನ್, ಗರಿಷ್ಠ ತೂಕ 622 ಕಿಲೋ. 1975ರಲ್ಲಿ ಮೊದಲ ಹಾರಾಟ, 1979ರಲ್ಲಿ ಒಪ್ಪಿಗೆ. ಇಷ್ಟು ಸರಳ ಯಂತ್ರಕ್ಕೂ ಮೂರೂವರೆ ವರ್ಷ ಹಿಡಿದಿತ್ತು. ಅದರ ನಾಲ್ಕು ಸೀಟಿನ ತಮ್ಮ ಆರ್44 ಬಂದದ್ದು 1992ರಲ್ಲಿ, ಟರ್ಬೈನ್ ಎಂಜಿನ್ನಿನ ಆರ್66 ಬಂದದ್ದು 2010ರಲ್ಲಿ.

ಆರ್22ರಿಂದ ನಿಯಂತ್ರಣ ಸಂಸ್ಥೆಗಳು ಒಂದು ಪಾಠ ಕಲಿತವು. ಇದರ ಎರಡು ಬ್ಲೇಡುಗಳು ಮಾಸ್ಟಿನ ತುದಿಯಲ್ಲಿ ತಕ್ಕಡಿಯಂತೆ ತೂಗುತ್ತವೆ. ಏರುತ್ತಿರುವಾಗ ಪೈಲಟ್ ಗಾಬರಿಯಲ್ಲಿ, ರೋಟರನ್ನು ಬೇಕಾದತ್ತ ವಾಲಿಸುವ ನಿಯಂತ್ರಣ ಕಡ್ಡಿಯನ್ನು ಥಟ್ಟನೆ ಮುಂದೆ ತಳ್ಳಿದರೆ ಕ್ಯಾಬಿನ್ ಒಂದು ಕ್ಷಣ ತೂಕ ಕಳೆದುಕೊಂಡು ತೇಲಿದಂತಾಗುತ್ತದೆ. ತೂಗುವುದಕ್ಕೆ ಭಾರವೇ ಇಲ್ಲದಿದ್ದರೆ ಕಡ್ಡಿಯ ಮಾತನ್ನು ರೋಟರ್ ಕೇಳುತ್ತದೆ, ಕ್ಯಾಬಿನ್ ಕೇಳುವುದಿಲ್ಲ. ಬಾಲದ ರೋಟರ್ ಮಾತ್ರ ತಳ್ಳುತ್ತಲೇ ಇರುವುದರಿಂದ ಯಂತ್ರ ಬಲಕ್ಕೆ ಮಗುಚತೊಡಗುತ್ತದೆ. ಪೈಲಟ್ ಸಹಜವಾಗಿ ಎಡಕ್ಕೆ ಎಳೆದರೆ ರೋಟರಿನ ಹಬ್ ವಾಲಿ ಮಾಸ್ಟಿಗೇ ಬಡಿಯುತ್ತದೆ. ಮಾಸ್ಟ್ ಕತ್ತರಿಸಿಹೋಗಬಹುದು. ಮೊದಲು ಕಡ್ಡಿಯನ್ನು ಮೆಲ್ಲಗೆ ಹಿಂದೆಳೆದು ರೋಟರಿಗೆ ಭಾರ ಕೊಟ್ಟು, ಆಮೇಲೆ ಮಗುಚುವುದನ್ನು ಸರಿಪಡಿಸಬೇಕು. ಇದು ಅನ್ನಿಸಿದ್ದಕ್ಕೆ ವಿರುದ್ಧವಾದ ಕ್ರಮ, ಕಲಿಸದೆ ಬರುವುದಿಲ್ಲ. 1995ರಲ್ಲಿ ಎಫ್‌ಎಎ, ಆರ್22 ಮತ್ತು ಆರ್44 ಹಾರಿಸುವವರಿಗೆಂದೇ ವಿಶೇಷ ತರಬೇತಿಯನ್ನು ಕಡ್ಡಾಯ ಮಾಡಿತು. ಯಂತ್ರಕ್ಕೆ ಒಪ್ಪಿಗೆ ಇದ್ದರೆ ಸಾಲದು, ಅದನ್ನು ಹಾರಿಸುವ ಕೈಯನ್ನೂ ಆ ಯಂತ್ರಕ್ಕೆ ತಕ್ಕಂತೆ ಪಳಗಿಸಬೇಕು ಎಂದು ಹೇಳಿದ ನಿಯಮ ಅದು. ಅದೇ ತರಬೇತಿಯ ಕೆಲಸಕ್ಕೆ ಬರುವ ಫ್ರಾನ್ಸಿನ ಕಾಬ್ರಿ ಜಿ2 ಒಪ್ಪಿಗೆ ಪಡೆದದ್ದು 2007ರ ಕೊನೆಯಲ್ಲಿ. ಅದಕ್ಕೆ ಮೂರು ಬ್ಲೇಡಿನ ರೋಟರ್, ಬಾಲದ ರೋಟರಿನ ಸುತ್ತ ಕವಚ, ಅಪ್ಪಳಿಸಿದಾಗ ಆಘಾತ ನುಂಗುವ ಸೀಟು ಇವೆ.

ಆ ಸೀಟಿನ ವಿಷಯಕ್ಕೆ ಬಂದರೆ, ಈಗಿನ ನಿಯಮ ಬೊಂಬೆಯನ್ನು ಕೂರಿಸಿದ ಸೀಟನ್ನು ಎರಡು ರೀತಿ ಅಪ್ಪಳಿಸಿ ನೋಡುತ್ತದೆ. ಮುಖ್ಯವಾಗಿ ಕೆಳಮುಖವಾದ ಪೆಟ್ಟಿನಲ್ಲಿ ವೇಗ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರಿನಷ್ಟು ಥಟ್ಟನೆ ಇಳಿಯಬೇಕು, ನೆಲದ ಹೊಡೆತ ಕನಿಷ್ಠ 30 ಜಿ, ಅಂದರೆ ಭೂಮಿಯ ಗುರುತ್ವದ ಮೂವತ್ತು ಪಟ್ಟು, ಇರಬೇಕು. ಆಗ ಬೊಂಬೆಯ ಬೆನ್ನುಮೂಳೆಯ ಕೆಳಭಾಗಕ್ಕೆ ಬೀಳುವ ಒತ್ತಡ 1,500 ಪೌಂಡ್ ಮೀರಬಾರದು. ಬೆನ್ನುಮೂಳೆ ಉಳಿದವರಷ್ಟೇ ಸೀಟ್‌ಬೆಲ್ಟ್ ಬಿಚ್ಚಿಕೊಂಡು ಹೊರಗೆ ಬರಬಲ್ಲರು.

ಒಂಟಿ ಟರ್ಬೈನ್‌ಗಳಲ್ಲಿ ಹಳೆಯ ಹುಲಿ ಬೆಲ್ 206 ಜೆಟ್‌ರೇಂಜರ್. ಅಮೆರಿಕದ ಸೈನ್ಯದ ಸ್ಪರ್ಧೆಯಲ್ಲಿ ಸೋತ ವಿನ್ಯಾಸಕ್ಕೆ ಹೊಸ ಮೈಕಟ್ಟು ಕೊಟ್ಟು, 1966ರಲ್ಲಿ ನಾಗರಿಕ ಒಪ್ಪಿಗೆ ಪಡೆದ ಯಂತ್ರ ಅದು. ಎವರೆಸ್ಟ್ ಏರಿದ ಎಎಸ್350 ಈಗ ಏರ್‌ಬಸ್ ಎಚ್125 ಎಂಬ ಹೆಸರಿನಲ್ಲಿ ಬೆಟ್ಟಗುಡ್ಡಗಳಲ್ಲಿ ಸಾಮಾನು ಸಾಗಿಸುತ್ತದೆ, ವಿದ್ಯುತ್ ಲೈನು ನೋಡಿಕೊಳ್ಳುತ್ತದೆ. ಆಸ್ಪತ್ರೆಗಳ ಚಾವಣಿಯಲ್ಲಿ ಇಳಿಯುವ ಕೆಲಸ ಎಚ್135, ಎಚ್145ರಂಥ ಎರಡು ಎಂಜಿನ್ನಿನವುಗಳದ್ದು. ಅದಕ್ಕಿಂತ ದೊಡ್ಡ ಸಾಲಿನಲ್ಲಿ ಎಡಬ್ಲ್ಯು139, ಎಡಬ್ಲ್ಯು189, 19 ಪ್ರಯಾಣಿಕರನ್ನು ಕೊಂಡೊಯ್ಯುವ ಸಿಕೋರ್ಸ್ಕಿ ಎಸ್-92. ಸಮುದ್ರದ ಮಧ್ಯದ ತೈಲ ವೇದಿಕೆಗಳಿಗೆ ಕೆಲಸಗಾರರನ್ನು ದಿನವೂ ಮುಟ್ಟಿಸುವುದು ಇಂಥವೇ.

ಈ ಸಾಲಿನ ಹೊರಗೆ ನಿಲ್ಲುವವೂ ಇವೆ. ಸೈನ್ಯದಿಂದ ನಿವೃತ್ತವಾದ ಹ್ಯೂಯಿ ಹೆಲಿಕಾಪ್ಟರ್‌ಗಳು ‘ರಿಸ್ಟ್ರಿಕ್ಟೆಡ್’ ವರ್ಗದಲ್ಲಿ ಕಾಡ್ಗಿಚ್ಚು ನಂದಿಸಬಹುದು, ದುಡ್ಡು ಪಡೆದು ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಹವ್ಯಾಸಿಗಳು ಕಿಟ್ ತಂದು ಅರ್ಧಕ್ಕಿಂತ ಹೆಚ್ಚು ಕೆಲಸ ತಾವೇ ಮಾಡಿ ಜೋಡಿಸಿದವಕ್ಕೆ ಟೈಪ್ ಸರ್ಟಿಫಿಕೇಟ್ ಇರುವುದೇ ಇಲ್ಲ. ಹಾರಬಹುದು, ಆದರೆ ಪ್ರಯೋಗಾರ್ಥ ಎಂಬ ಹಣೆಪಟ್ಟಿಯೊಂದಿಗೆ.

ಎರಡು ಎಂಜಿನ್ ಅಂದರೆ ಸುರಕ್ಷಿತ ಎಂದು ಇಲ್ಲಿಗೇ ತೀರ್ಮಾನಿಸಬೇಡಿ. ಒಂದು ಎಂಜಿನ್ ನಿಂತರೂ, ಟೇಕಾಫ್‌ನ ನಿರ್ಧಾರದ ಬಿಂದುವಿಗೆ ಮುಂಚೆಯಾದರೆ ವಾಪಸು ಇಳಿಯಬಲ್ಲದು, ಆಮೇಲಾದರೆ ಉಳಿದ ಎಂಜಿನ್ನಿನಲ್ಲೇ ಏರಿ ಹೋಗಬಲ್ಲದು ಎಂದು ತೋರಿಸಿದರೆ ಯಂತ್ರಕ್ಕೆ ‘ಕೆಟಗರಿ ಎ’ ಸಿಗುತ್ತದೆ. ಅದು ಯಂತ್ರದ ಯೋಗ್ಯತೆ. ಆ ದಿನದ ಹಾರಾಟ ಆ ಯೋಗ್ಯತೆಯೊಳಗೆ ಇದೆಯೇ ಎಂಬುದು ಬೇರೆ ಲೆಕ್ಕ, ಅದಕ್ಕೆ ಪರ್ಫಾರ್ಮೆನ್ಸ್ ಕ್ಲಾಸ್ 1, 2, 3 ಎಂಬ ವಿಂಗಡಣೆಯಿದೆ. ಬಿಸಿಲು ಏರಿ ಗಾಳಿ ತೆಳುವಾದರೆ, ಜಾಗ ಎತ್ತರದಲ್ಲಿದ್ದರೆ, ಸೀಟು ತುಂಬಿದ್ದರೆ, ಬೆಳಿಗ್ಗೆ ಕ್ಲಾಸ್ 1ರಲ್ಲಿ ಹಾರಿದ ಅದೇ ಯಂತ್ರ ಮಧ್ಯಾಹ್ನ ಕ್ಲಾಸ್ 2ಕ್ಕೆ ಇಳಿದಿರುತ್ತದೆ. ಆಗ ಟೇಕಾಫ್‌ನ ಕೆಲವು ಸೆಕೆಂಡು ಎರಡನೆಯ ಎಂಜಿನ್ ಇದ್ದೂ ಉಳಿಸಲಾರದು.

ಹನ್ನೊಂದು ನಿಮಿಷ

ನಿಯಮ ಓದುವುದು ಎಷ್ಟು ಮುಖ್ಯ ಎಂದು ನನಗೆ ಮನದಟ್ಟು ಮಾಡಿದ್ದು ಎಸ್-92ರ ಕಥೆ.

ಪಾರ್ಟ್ 29ರ ಕೆಟಗರಿ ಎ ಹೆಲಿಕಾಪ್ಟರಿನ ಗೇರ್‌ಬಾಕ್ಸ್‌ನಿಂದ ಎಣ್ಣೆ ಸೋರಿಹೋದರೂ ಅದು ಇನ್ನೂ 30 ನಿಮಿಷ ಓಡಬೇಕು ಎಂಬ ನಿಯಮವಿತ್ತು. ಸಮುದ್ರದ ಮೇಲಿರುವ ಪೈಲಟ್‌ಗೆ ದಡವೋ ವೇದಿಕೆಯೋ ಸಿಗಲು ಆ ಅರ್ಧ ಗಂಟೆ. ಆದರೆ ಅದೇ ವಾಕ್ಯಕ್ಕೆ ಒಂದು ಬಾಲವಿತ್ತು: ಎಣ್ಣೆ ಸೋರುವಂಥ ವೈಫಲ್ಯ ‘ಅತ್ಯಂತ ವಿರಳ’ ಎಂದು ತೋರಿಸಿದರೆ ಈ ಪರೀಕ್ಷೆ ಬೇಡ. 2002ರಲ್ಲಿ ಎಸ್-92ರ ಗೇರ್‌ಬಾಕ್ಸ್‌ನಿಂದ ಎಣ್ಣೆ ಬಸಿದು ಓಡಿಸಿ ನೋಡಿದಾಗ ಅದು ಸುಮಾರು 11 ನಿಮಿಷಕ್ಕೆ ಕೈಕೊಟ್ಟಿತು. ಕಂಪನಿ ಆಗ ಬಾಲವನ್ನು ಹಿಡಿಯಿತು. ಸೋರಿಕೆಗೆ ಮುಖ್ಯ ಕಾರಣವಾಗಬಹುದಾದ ಎಣ್ಣೆ ತಂಪು ಮಾಡುವ ಭಾಗವನ್ನು ಬದಿಗೆ ತಳ್ಳಿ ಎಣ್ಣೆ ಉಳಿಸುವ ಬೈಪಾಸ್ ಜೋಡಿಸಿ, ಉಳಿದ ಸೋರಿಕೆಗಳೆಲ್ಲ ಅತ್ಯಂತ ವಿರಳ ಎಂದು ವಾದಿಸಿತು. ಎಫ್‌ಎಎ ಒಪ್ಪಿತು. ಆ ವರ್ಷದ ಡಿಸೆಂಬರಿನಲ್ಲಿ ಟೈಪ್ ಸರ್ಟಿಫಿಕೇಟ್ ಸಿಕ್ಕಿತು.

‘ಅತ್ಯಂತ ವಿರಳ’ದ ಲೆಕ್ಕದಲ್ಲಿ ಎಣ್ಣೆಯ ಫಿಲ್ಟರ್ ಬಟ್ಟಲೂ ಇತ್ತು. ಅದನ್ನು ಗೇರ್‌ಬಾಕ್ಸಿಗೆ ಬಿಗಿದದ್ದು ಮೂರು ಟೈಟೇನಿಯಂ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು. ಎಣಿಸಿದ್ದಕ್ಕಿಂತ ಹೆಚ್ಚು ಸಲ ಫಿಲ್ಟರ್ ಬದಲಾಯಿಸಬೇಕಾಗಿ ಬಂತು. ಪ್ರತಿ ಸಲ ನಟ್ ಬಿಚ್ಚಿ, ಅದೇ ನಟ್ಟನ್ನು ಮತ್ತೆ ಬಿಗಿಯುವಾಗ ಸ್ಟಡ್‌ನ ಎಳೆಗಳು ಉಜ್ಜಿ ಕಚ್ಚಿಕೊಂಡವು. ಸ್ಪ್ಯಾನರ್ ಹಿಡಿದ ಕೈಗೆ ಬಿಗಿ ಸರಿಯಾಗಿದೆ ಎನ್ನಿಸುತ್ತಿತ್ತು, ಸ್ಟಡ್ ಮಾತ್ರ ಸಡಿಲವೇ ಇತ್ತು. ಸಡಿಲವಾದ ಸ್ಟಡ್ ಪ್ರತಿ ಅದುರಿಗೂ ಸ್ವಲ್ಪ ಸ್ವಲ್ಪ ದಣಿಯಿತು. 2008ರ ಜುಲೈನಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಎಸ್-92ರ ಸ್ಟಡ್ ಹೀಗೆ ಮುರಿದು ಎಣ್ಣೆ ಸೋರಿತು. ಅದು ಇಳಿದು ಬದುಕಿತು. ಸ್ಟಡ್‌ಗಳನ್ನು ಉಕ್ಕಿನವಕ್ಕೆ ಬದಲಾಯಿಸಿ ಎಂದು ಕಂಪನಿ ಸೂಚನೆ ಕಳಿಸಿತು, ಗಡುವು ಒಂದು ವರ್ಷ ಅಥವಾ 1,250 ಗಂಟೆ.

2009ರ ಮಾರ್ಚ್ 12. ಕೆನಡಾದ ಸೇಂಟ್ ಜಾನ್ಸ್‌ನಿಂದ ಅಟ್ಲಾಂಟಿಕ್‌ನ ತೈಲ ವೇದಿಕೆಗಳತ್ತ ಹೊರಟ ಎಸ್-92ರಲ್ಲಿ 18 ಜನರಿದ್ದರು. ಆ ಗಡುವು ಇನ್ನೂ ಮುಗಿದಿರಲಿಲ್ಲ. ಹಾರುತ್ತಿರುವಾಗ ಎರಡು ಸ್ಟಡ್ ಮುರಿದು, ಎಣ್ಣೆಯ ಒತ್ತಡ ಥಟ್ಟನೆ ಇಳಿಯಿತು. ಪೈಲಟ್‌ಗಳು ದಡದ ಕಡೆಗೆ ತಿರುಗಿದರು. ಸುಮಾರು ಹನ್ನೊಂದು ನಿಮಿಷಕ್ಕೆ ಹೆಲಿಕಾಪ್ಟರ್ ಸಮುದ್ರಕ್ಕೆ ಅಪ್ಪಳಿಸಿತು. ಬದುಕಿದವರು ಒಬ್ಬರು.

ಪರೀಕ್ಷೆಯ ಬೆಂಚಿನ ಮೇಲೆ ಹನ್ನೊಂದು, ಸಮುದ್ರದ ಮೇಲೂ ಹನ್ನೊಂದು. ಬೆಂಚು ಸುಳ್ಳು ಹೇಳಿರಲಿಲ್ಲ. ಹತ್ತು ದಿನ ಕಳೆಯುತ್ತಿದ್ದಂತೆ ಎಫ್‌ಎಎ ತುರ್ತು ಆದೇಶ ಹೊರಡಿಸಿತು: ಉಕ್ಕಿನ ಸ್ಟಡ್ ಹಾಕುವವರೆಗೆ ಯಾವ ಎಸ್-92 ಕೂಡ ಹಾರಬಾರದು. ನಿಯಮದ ಬಾಲ ಕತ್ತರಿಸಲು ಇನ್ನೂ ಬಹಳ ಕಾಲ ಬೇಕಾಯಿತು. ಯುರೋಪು ತನ್ನ ಸಿಎಸ್-29ರ ಆ ಕಲಮನ್ನು ಹೊಸದಾಗಿ ಬರೆದು ‘ಅತ್ಯಂತ ವಿರಳ’ ಎಂಬ ದಾರಿಯನ್ನು ಮುಚ್ಚಿದ್ದು 2018ರಲ್ಲಿ. ಅಷ್ಟರಲ್ಲಿ, 2014ರಲ್ಲಿ ಬಂದ ಎಡಬ್ಲ್ಯು189ರ ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ 50 ನಿಮಿಷ ಓಡಿ ತೋರಿಸಿತ್ತು. ಅಂದರೆ ಮೂವತ್ತು ನಿಮಿಷ ಎಂಜಿನಿಯರಿಂಗಿಗೆ ನಿಲುಕದ ಆಸೆಯೇನೂ ಆಗಿರಲಿಲ್ಲ.

ಹಳೆಯ ತಾರೀಖಿನ ಬಲ

ಈಗ ಮೊದಲಿನ ಟ್ಯಾಂಕಿನ ಪ್ರಶ್ನೆಗೆ ಬರೋಣ. ಅಪಘಾತದಲ್ಲಿ ಒಡೆಯದ ಇಂಧನ ವ್ಯವಸ್ಥೆ ಬೇಕೆಂದು ಅಮೆರಿಕ 1994ರಲ್ಲೇ ನಿಯಮ ಮಾಡಿತು. ಟ್ಯಾಂಕಿನಲ್ಲಿ 80 ಶೇಕಡಾ ನೀರು ತುಂಬಿ 50 ಅಡಿಯಿಂದ ಬೀಳಿಸಬೇಕು, ಸೋರಬಾರದು. ಆದರೆ ಆ ನಿಯಮ ಅನ್ವಯಿಸಿದ್ದು ಅಲ್ಲಿಂದ ಮುಂದೆ ಒಪ್ಪಿಗೆಗೆ ಅರ್ಜಿ ಹಾಕುವ ಹೊಸ ಮಾದರಿಗಳಿಗೆ. ಮೊದಲೇ ಟೈಪ್ ಸರ್ಟಿಫಿಕೇಟ್ ಇದ್ದವು ತಮ್ಮ ಹಳೆಯ ನಿಯಮದಲ್ಲೇ ತಯಾರಾಗುತ್ತಾ ಹೋದವು. ಇದು ಅಕ್ರಮವಲ್ಲ, ವ್ಯವಸ್ಥೆಯೇ ಹಾಗಿದೆ. ಮಾದರಿಯ ಒಪ್ಪಿಗೆಗೆ ಕೊನೆಯ ದಿನಾಂಕವಿಲ್ಲ. 1956ರಲ್ಲಿ ಹಾರಿದ ಹ್ಯೂಯಿಯ ಕುಡಿ ಬೆಲ್ 412 ಒಪ್ಪಿಗೆ ಪಡೆದದ್ದು 1981ರಲ್ಲಿ, ಅದರ ಹೊಸ ರೂಪಗಳು ಇಂದಿಗೂ ಬರುತ್ತಿವೆ. ಹಳೆಯ ಮಾದರಿಗೆ ದೊಡ್ಡ ಬದಲಾವಣೆ ಮಾಡಿದರೆ ಬದಲಾದ ಭಾಗ ಇಂದಿನ ನಿಯಮಕ್ಕೆ ಬರಬೇಕು ಎಂಬ ಕಲಮು ಇದೆ ನಿಜ, ಆದರೆ ‘ಕಾರ್ಯಸಾಧ್ಯವಲ್ಲದಿದ್ದರೆ’ ಎಂಬ ವಿನಾಯಿತಿಯೂ ಅದರ ಹಿಂದೆಯೇ ಇದೆ.

ಇದಕ್ಕೆ ಒಂದು ನ್ಯಾಯವಾದ ವಾದವಿದೆ. ದಶಕಗಳಿಂದ ಹಾರಿ ಗುಣದೋಷ ಬಯಲಾದ ಯಂತ್ರ, ಕಾಗದದ ಮೇಲೆ ಮಾತ್ರ ಉತ್ತಮವಾದ ಹೊಸದಕ್ಕಿಂತ ನಂಬಿಕಸ್ಥವಿರಬಹುದು. ನಾನು ಅದನ್ನು ಒಪ್ಪುತ್ತೇನೆ. ಆದರೆ ಬೆಂಕಿಯ ವಿಷಯದಲ್ಲಿ ಆ ವಾದ ನಿಲ್ಲಲಿಲ್ಲ. ಬದುಕಬಹುದಾದ ಅಪಘಾತಗಳಲ್ಲಿ ಜನ ಸುಟ್ಟುಹೋಗುವುದು ಮುಂದುವರಿಯಿತು. 2015ರಲ್ಲಿ ಕೊಲರಾಡೊದ ಫ್ರಿಸ್ಕೊದಲ್ಲಿ ಆಂಬುಲೆನ್ಸ್ ಹೆಲಿಕಾಪ್ಟರೊಂದು ಬಿದ್ದು ಹೊತ್ತಿಕೊಂಡ ಮೇಲೆ ಈ ಪ್ರಶ್ನೆ ಅಮೆರಿಕದ ಸಂಸತ್ತಿನವರೆಗೆ ಹೋಯಿತು. 2018ರ ಕಾನೂನಿನ ಪ್ರಕಾರ, 2020ರ ಏಪ್ರಿಲ್ 5ರಿಂದ ಆಚೆಗೆ ತಯಾರಾಗುವ ಪ್ರತಿ ಹೆಲಿಕಾಪ್ಟರಿಗೂ, ಮಾದರಿ ಎಷ್ಟೇ ಹಳೆಯದಿರಲಿ, ಅಪಘಾತದ ಪೆಟ್ಟು ತಡೆದುಕೊಳ್ಳುವ ಇಂಧನ ವ್ಯವಸ್ಥೆ ಅಲ್ಲಿ ಕಡ್ಡಾಯವಾಯಿತು. 1994ರಿಂದ 2020: ಇಪ್ಪತ್ತಾರು ವರ್ಷ.

ಗಡಿ ದಾಟಿದಾಗ ಒಪ್ಪಿಗೆಯೂ ತಾನಾಗಿ ದಾಟುವುದಿಲ್ಲ. ಏರ್‌ಬಸ್ ಎಚ್160ಕ್ಕೆ ಇಎಎಸ್‌ಎ 2020ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಎಫ್‌ಎಎ ತಾನೂ ಪರಿಶೀಲಿಸಿ ಒಪ್ಪುವ ಹೊತ್ತಿಗೆ 2023 ಆಗಿತ್ತು. ಕೊಟ್ಟ ಒಪ್ಪಿಗೆ ಅಮಾನತಾಗುವುದೂ ಇದೆ. 2016ರ ಏಪ್ರಿಲ್ 29ರಂದು ನಾರ್ವೆಯ ತುರೋಯಿ ಬಳಿ ಇಸಿ225 ಹೆಲಿಕಾಪ್ಟರಿನ ಮುಖ್ಯ ರೋಟರ್ ಹಾರಾಟದಲ್ಲೇ ಕಳಚಿ ಹೋಗಿ 13 ಜನ ಸತ್ತರು. ಗೇರ್‌ಬಾಕ್ಸಿನೊಳಗಿನ ಒಂದು ಗ್ರಹಚಕ್ರದಲ್ಲಿ (ನಡುವಿನ ಗೇರಿನ ಸುತ್ತ ಸುತ್ತುವ ಪ್ಲಾನೆಟ್ ಗೇರ್) ಬಿರುಕು ಮೇಲ್ಮೈಯಡಿಯಲ್ಲಿ ಬೆಳೆದಿತ್ತು. ಎಣ್ಣೆಯಲ್ಲಿ ಲೋಹದ ಚೂರು ಬಿದ್ದರೆ ಹಿಡಿಯುವ ಅಯಸ್ಕಾಂತ ಎಚ್ಚರಿಸಲೇ ಇಲ್ಲ, ಏಕೆಂದರೆ ಎಚ್ಚರಿಸುವಷ್ಟು ಚೂರು ಉದುರಿರಲಿಲ್ಲ. ಇಎಎಸ್‌ಎ ಜೂನ್‌ನಲ್ಲಿ ಹಾರಾಟ ನಿಲ್ಲಿಸಿ, ಚಕ್ರದ ಒಂದು ಬಗೆಯನ್ನು ಕೈಬಿಟ್ಟ ಮೇಲೆ ಅಕ್ಟೋಬರಿನಲ್ಲಿ ತಡೆ ತೆಗೆಯಿತು. ನಾರ್ವೆ ಮತ್ತು ಬ್ರಿಟನ್ ಮಾತ್ರ 2017ರ ಜುಲೈವರೆಗೆ ತೆಗೆಯಲಿಲ್ಲ. ತಡೆ ತೆಗೆದ ಮೇಲೂ ಉತ್ತರ ಸಮುದ್ರದ ಕೆಲಸಗಾರರು ಆ ಯಂತ್ರ ಹತ್ತಲು ಮನಸ್ಸು ಮಾಡಲಿಲ್ಲ.

ತುರೋಯಿಯಂಥ ಬಿರುಕು ಕಣ್ಣಿಗೆ ಬೀಳುವ ಮುನ್ನವೇ ಭಾಗವನ್ನು ತೆಗೆದುಹಾಕಲೆಂದು ಇರುವುದು ಆಯುಷ್ಯದ ಲೆಕ್ಕ. ಮೆಕ್ಯಾನಿಕ್‌ಗಳ ಕೈಯಲ್ಲಿ ಪ್ರತಿ ಮುಖ್ಯ ಭಾಗಕ್ಕೂ ಒಂದು ಲಾಗ್ ಕಾರ್ಡ್ ಇರುತ್ತದೆ: ಭಾಗದ ಸಂಖ್ಯೆ, ಸರಣಿ ಸಂಖ್ಯೆ, ಯಾವ ದಿನ ಯಾವ ಯಂತ್ರಕ್ಕೆ ಜೋಡಿಸಿದರು, ಎಷ್ಟು ಗಂಟೆ ಹಾರಿತು, ಯಾರು ಸಹಿ ಹಾಕಿದರು. ಭಾಗ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೆ ಕಾರ್ಡೂ ಜೊತೆಗೇ ಹೋಗುತ್ತದೆ. ಕಾರ್ಡ್ ಕಳೆದರೆ, ಭಾಗ ಎಷ್ಟೇ ಹೊಸದಾಗಿ ಕಂಡರೂ ಉಪಯೋಗವಿಲ್ಲ. ಆರ್22, ಆರ್44ಗಳಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದ ಗಡುವು 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು; ಆಗ ಇಡೀ ಹೆಲಿಕಾಪ್ಟರನ್ನು ಬಿಚ್ಚಿ ಓವರ್‌ಹಾಲ್ ಮಾಡುತ್ತಾರೆ. ಗಡುವು ತುಂಬಿದ ಬ್ಲೇಡಿನ ಮೇಲೆ ಎಷ್ಟೋ ಸಲ ಒಂದು ಗೀರೂ ಇರುವುದಿಲ್ಲ. ಅದನ್ನು ಮತ್ತೆ ಯಾರೂ ಜೋಡಿಸದಂತೆ ಬೇರೆಯಿಡಬೇಕು, ಅಳಿಯದ ಗುರುತು ಹಾಕಬೇಕು, ಇಲ್ಲವೇ ಹಾಳುಗೆಡವಬೇಕು ಎನ್ನುತ್ತದೆ ನಿಯಮ. ಗುರುತನ್ನು ಅಳಿಸಿ ಮಾರುವವರ ಕೈಗೆ ಸಿಗಬಾರದೆಂದು ಗರಗಸ ಹಿಡಿದು, ಹೊಳೆಯುವ ಬ್ಲೇಡನ್ನು ಅಡ್ಡಕ್ಕೆ ಕೊಯ್ದು ಎರಡು ತುಂಡು ಮಾಡುತ್ತಾರೆ.